ಕಂಚು ಮಾತ್ರ ಎರಡೇಕೆ?

ಚಿನ್ನ 14, ಬೆಳ್ಳಿ 14,
ಕಂಚು ಮಾತ್ರ 28!
ಇದೇಕೆಂದು ಬಲ್ಲಿರಾ?

2024ರ ಏಪ್ರಿಲ್‌ನಲ್ಲಿ,
ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ ಜರುಗಿದ
ಯುರೋಪಿಯನ್ ಜೂಡೋ ಚಾಂಪಿಯನ್‌ಷಿಪ್‌ನ
ವೈಯಕ್ತಿಕ ಪದಕಗಳ ಲೆಕ್ಕವಿದು.

ಪುರುಷರಿಗೆ 7, ಮಹಿಳೆಯರಿಗೆ 7 ತೂಕದ ವಿಭಾಗಗಳು;
ಪ್ರತಿಯೊಂದರಲ್ಲಿಯೂ ಕಂಚು ಇಬ್ಬರಿಗೆ.

ಕ್ವಾರ್ಟರ್‌ಫೈನಲ್‌ನಲ್ಲಿ ಬೆನ್ನು ನೆಲಕ್ಕೆ ತಾಗಿ ಪರಾಜಿತನಾದ ಪಟುವು,
ಸಡಿಲಗೊಂಡ ನಡುಪಟ್ಟಿಯನ್ನು ಮರಳಿ ಬಿಗಿದುಕೊಂಡು,
ತನ್ನಂತೆಯೇ ಸೋತ ಇನ್ನೊಬ್ಬನನ್ನು
ರೆಪೆಷಾಜ್ ಎಂಬ ಸುತ್ತಿನಲ್ಲಿ ಮಣಿಸಿದನಾದರೆ,
ಸೆಮಿಫೈನಲ್‌ನಲ್ಲಿ ಸೋತವನೊಡನೆ
ಕಂಚಿಗಾಗಿ ಸೆಣಸುವ ಅಧಿಕಾರವನ್ನು ಪಡೆಯುವನು.

ಮೊದಲ ಪಂಕ್ತಿ ತಪ್ಪಿದವನಿಗೆ
ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದಂತೆ!

ಇಂತಹ ಸೆಣಸು ಎರಡು;
ಆದಕಾರಣ ಕಂಚೂ ಎರಡು.

ಬೆಳ್ಳಿ ಪಡೆದವನ ಕಡೆಯ ಪಂದ್ಯ ಸೋಲು;
ಕಂಚು ಪಡೆದವನದು ಗೆಲುವು.
ಪದಕಪಟ್ಟಿಯನ್ನು ಓದುವಾಗ
ಕಂಚಿನ ಸಾಲನ್ನು ಕಡೆಗಣಿಸದಿರಿ.