ಬೀದರಿನ ಕೆಂಪು ನೆತ್ತಿ

ಬೀದರ್ ಕೋಟೆಯ ಒಂದು ಪಾರ್ಶ್ವಕ್ಕೆ ಮೂರು ಸಾಲು ಕಂದಕ. ಮೂರನ್ನೂ ಗಟ್ಟಿ ಬಂಡೆಯಲ್ಲೇ ಕಡಿದು ಇಳಿಸಿದ್ದಾರೆ. ಬಹಮನಿ ಸುಲ್ತಾನ ಅಹ್ಮದ್ ಶಾ 1420ರ ದಶಕದಲ್ಲಿ ಕಲಬುರಗಿ ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದಾಗ ಸಿಕ್ಕಿದ್ದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ, ನೆತ್ತಿ ಚಪ್ಪಟೆಯಾದ, ಅಂಚು ಕಡಿದಾದ ಕೆಂಪು ದಿಬ್ಬ. ಕೆಳಗೆ ಮಾಂಜ್ರಾ ನದಿಯ ಬಯಲಲ್ಲಿ ಮಾತ್ರ ಕಪ್ಪು ಎರೆಭೂಮಿ. ಮೇಲಿನ ಕೆಂಪು, ಕೆಳಗಿನ ಕಪ್ಪು ಎರಡಕ್ಕೂ ಮೂಲ ಒಂದೇ ಕರಿಕಲ್ಲು ಎಂದರೆ ಮೊದಲ ಸಲ ನೋಡುವವರು ನಂಬುವುದು ಕಷ್ಟ.

ಆ ಕಲ್ಲು ಬಂದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಜ್ವಾಲಾಮುಖಿ ಎಂದೊಡನೆ ತುದಿಯಲ್ಲಿ ಬೆಂಕಿ ಉಗುಳುವ ಬೆಟ್ಟ ಕಣ್ಣಮುಂದೆ ಬರುತ್ತದೆ. ದಖ್ಖನ್ನಿನಲ್ಲಿ ಬಹುಪಾಲು ಹಾಗಾಗಲಿಲ್ಲ. ನೆಲ ಉದ್ದುದ್ದ ಸೀಳಿತು. ಸೀಳುಗಳಿಂದ ಉಕ್ಕಿದ ಲಾವಾ ತಗ್ಗುಗಳನ್ನು ತುಂಬಿಕೊಂಡು ಹರಿಯಿತು. ಒಂದು ಹರಿವು ಆರಿ, ಅದರ ಮೇಲೆ ಮಣ್ಣು ಕಟ್ಟುವಷ್ಟು ಕಾಲ ಕಳೆದ ಮೇಲೆ ಮತ್ತೊಂದು ಬಂದದ್ದೂ ಉಂಟು. ಹೊಸ ಲಾವಾದ ಕಾವಿಗೆ ಬೆಂದ ಅಂಥ ಮಣ್ಣು ಎಷ್ಟೋ ಕಡೆ ಕಪ್ಪು ಪದರಗಳ ನಡುವೆ ಕೆಂಪು ಪಟ್ಟಿಯಾಗಿ ಈಗಲೂ ಕಾಣುತ್ತದೆ. ಪಶ್ಚಿಮ ಘಟ್ಟದ ಕಡೆ ಈ ಹಾಸಿನ ದಪ್ಪ ಎರಡು ಕಿಲೋಮೀಟರಿನ ಆಸುಪಾಸು. ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ. ಸವೆದು ಉಳಿದದ್ದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಬೀದರ್ ಇರುವುದು ಅದರ ಆಗ್ನೇಯ ಅಂಚಿನ ಬಳಿ.

ಬೆಂಕಿಯ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಮಳೆಯದು, ನನಗೆ ಹೆಚ್ಚು ಕುತೂಹಲವಿರುವುದೂ ಈ ಭಾಗದಲ್ಲೇ. ಲಾವಾ ಹರಿದಾಗ ಈ ಭೂಖಂಡ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಉತ್ತರಕ್ಕೆ ಸರಿಯುತ್ತ ಆ ರೇಖೆಯ ಬಿಸಿ, ತೇವದ ಪಟ್ಟಿಯನ್ನು ದಾಟಿ ಬಂತು. ಬಿಸಿಲು, ಮಳೆ ಒಂದರ ಬೆನ್ನಿಗೊಂದು ಬರುವಲ್ಲಿ ಕರಿಕಲ್ಲು ಬಹುಕಾಲ ತಾಳುವುದಿಲ್ಲ. ನೀರು ಅದರೊಳಗಿನ ಸುಣ್ಣ, ಸೋಡಿಯಂ, ಮೆಗ್ನೀಸಿಯಂಗಳನ್ನು ಕರಗಿಸಿ ಒಯ್ಯುತ್ತದೆ, ಸಿಲಿಕಾವನ್ನೂ ನಿಧಾನವಾಗಿ ತೊಳೆಯುತ್ತದೆ. ಕೊನೆಗೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ, ತೂತುತೂತಾದ ಜಂಬಿಟ್ಟಿಗೆ. ನೆಲದೊಳಗೆ ಇರುವಾಗ ಕೊಡಲಿಗೂ ಸಿಗುವಷ್ಟು ಮೆದು. ಹೊರಗೆ ತೆಗೆದು ಗಾಳಿಗೆ ಒಡ್ಡಿದರೆ ಗಡಸು. ಬೀದರಿನಲ್ಲಿ ಅದು ಕೆಲವೆಡೆ ನೂರು ಅಡಿಯಷ್ಟು ದಪ್ಪವಿದೆ.

ಕರಿಕಲ್ಲು ಕೊಳೆತು ಉಂಟಾದ ಈ ಪದರವೇ ಮುಂದೆ ದಿಬ್ಬಕ್ಕೆ ಕವಚವಾಯಿತು. ಮಾಂಜ್ರಾ ಮತ್ತು ಅದರ ಹಳ್ಳಗಳು ಸುತ್ತಲ ನೆಲ ಕೊರೆಯುತ್ತ ಇಳಿದರೂ ಜಂಬಿಟ್ಟಿಗೆ ಹೊದ್ದ ಭಾಗ ಸುಲಭಕ್ಕೆ ಬಗ್ಗಲಿಲ್ಲ. ಅಂದರೆ ಬೀದರ್ ಎತ್ತರಕ್ಕೆ ಏರಿದ್ದಲ್ಲ, ನೆರೆಹೊರೆ ತಗ್ಗಿತು. (ಊರಿನವರು ಮುನಿಸಿಕೊಳ್ಳಬಾರದು!) ಕವಚ ಕಳೆದುಕೊಂಡ ಕೆಳಗಿನ ಕರಿಕಲ್ಲು ಈಗಿನ ಒಣ ಹವೆಯಲ್ಲಿ ಬೇರೆಯೇ ರೀತಿ ಪುಡಿಯಾಗುತ್ತದೆ. ಸುಣ್ಣ, ಮೆಗ್ನೀಸಿಯಂಗಳಲ್ಲಿ ಬಹುಪಾಲು ಅಲ್ಲೇ ಉಳಿದು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಾಗುತ್ತದೆ. ತೊಗರಿ, ಜೋಳ ಬೆಳೆಯುವುದು ಅದರಲ್ಲೇ.

ತೂತಿನ ಕಲ್ಲು ಮಳೆನೀರನ್ನು ಸ್ಪಂಜಿನಂತೆ ಹೀರುತ್ತದೆ. ಇಳಿದ ನೀರಿಗೆ ಅಡಿಯ ಜೇಡಿ, ಕರಿಕಲ್ಲುಗಳನ್ನು ಸುಲಭವಾಗಿ ದಾಟಲಾಗದು. ಅಡ್ಡಕ್ಕೆ ಸರಿದು ದಿಬ್ಬದ ಅಂಚಿನಲ್ಲಿ ಹೊರಬೀಳುತ್ತದೆ. ಗುರುನಾನಕ್ ಝಿರಾ ಗುರುದ್ವಾರದ ಒರತೆ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ನರಸಿಂಹ ಝರಣಿಯ ಗುಹೆ ಇವೆಲ್ಲಕ್ಕೂ ಆಧಾರ ಈ ಜಂಬಿಟ್ಟಿಗೆಯೇ. ಭಕ್ತಿಗೆ ಇದರಿಂದ ಕುಂದೇನೂ ಇಲ್ಲ.

ಬಹಮನಿ ಕಾಲದವರು ನೀರಿನ ಈ ಗುಟ್ಟನ್ನು ಅರಿತಿದ್ದರು. ಇರಾನಿನ ಪದ್ಧತಿಯಲ್ಲಿ ಊರಂಚಿನ ನೌಬಾದಿನಲ್ಲಿ ತೋಡಿದ ಕಾರೇಜ್ ಎಂಬ ಸುರಂಗ ನೆಲದಡಿಯ ನೀರನ್ನು ಸಣ್ಣ ಇಳಿಜಾರಿನಲ್ಲಿ ಕಿಲೋಮೀಟರುಗಟ್ಟಲೆ ಸಾಗಿಸುತ್ತಿತ್ತು. ಗಾಳಿಗೆ, ಹೂಳೆತ್ತಲು, ನೀರು ಸೇದಲು ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಸ್ಮಾರಕಗಳ ರಕ್ಷಣೆಗೆ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2014ರ ನಿಗಾ ಪಟ್ಟಿಗೆ ಬೀದರನ್ನು ಸೇರಿಸಿತು. ಮುಂದೆ ಕಾರೇಜಿನಲ್ಲಿ ತುಂಬಿದ್ದ ಹೂಳು ತೆಗೆದಾಗ ಸುರಂಗದಲ್ಲಿ ನೀರು ಮತ್ತೆ ಕಾಣಿಸಿತು. ಕೊಳವೆಬಾವಿಯ ಕಥೆಯೇ ಬೇರೆ: ಅದು ಕೆಂಪುಕಲ್ಲನ್ನು ದಾಟಿ ಕರಿಕಲ್ಲಿಗೆ ಇಳಿಯುತ್ತದೆ, ಅಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಧೂಳು.