ಸದ್ದಿಲ್ಲದ ಪುಟಗಳಲ್ಲಿ ಸಂಗೀತದ ಸಡಗರ

ಪುಸ್ತಕಕ್ಕೆ ದನಿಯಿಲ್ಲ. ಹಾಳೆ ಮಗುಚುವ ಸದ್ದನ್ನು ಬಿಟ್ಟರೆ ಅದು ಮೌನಿ. ಆದರೂ ಮಕ್ಕಳಿಗಾಗಿ ಬಂದ ಚಿತ್ರಪುಸ್ತಕಗಳಲ್ಲಿ ಸಂಗೀತವನ್ನೇ ವಸ್ತುವಾಗಿಸಿಕೊಂಡವು ಹಲವಾರಿವೆ. ಗುಂಡಿ ಒತ್ತಿದರೆ ಪಿಟೀಲಿನ ದನಿ ಹೊರಡಿಸುವ ಆಟಿಕೆ ಪುಸ್ತಕಗಳು ಒಂದು ಬಗೆಯಾದರೆ, ವಾದ್ಯಗಳ ಹೆಸರನ್ನು ಪಟ್ಟಿ ಮಾಡಿ ಒಪ್ಪಿಸುವ ಪುಸ್ತಕಗಳು ಇನ್ನೊಂದು ಬಗೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯೂ ಇದೆ. ನಾದವನ್ನು ತಾನೇ ಹುಟ್ಟಿಸಬೇಕೆಂಬ ಮಗುವಿನ ಹಂಬಲ, ಅದಕ್ಕೆ ಅಡ್ಡ ಬರುವ ಬಡತನ, ಗೇಲಿ ಅಥವಾ ಕಟ್ಟುಪಾಡು, ಕೊನೆಗೆ ದಕ್ಕುವ ಸಂತೋಷ ಇವುಗಳ ವಸ್ತು. 1970ರ ದಶಕದಿಂದ ಈಚೆಗೆ ಅಮೆರಿಕದಲ್ಲಿ ಪ್ರಕಟವಾದ ಇಂತಹ ಕೆಲವು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸಂಗೀತ ಯಾರ ಸೊತ್ತು ಎಂಬ ಪ್ರಶ್ನೆಯನ್ನೇ ಇವು ಮತ್ತೆ ಮತ್ತೆ ಕೇಳುತ್ತಿರುವುದು ಕಾಣುತ್ತದೆ.

ಕಣ್ಣಿಗೆ ಕಾಣುವ ಸ್ವರ

ಚಿತ್ರಪುಸ್ತಕದಲ್ಲಿ ಕಥೆಯ ಅರ್ಧಭಾಗವನ್ನು ಚಿತ್ರವೇ ಹೇಳಬೇಕು. ಸಾಮಾನ್ಯವಾಗಿ 32 ಪುಟಗಳ ಮಿತಿಯಲ್ಲಿ, ಕಿವಿಗೆ ಸೇರಿದ ಅನುಭವವನ್ನು ಕಣ್ಣಿಗೆ ಒಪ್ಪಿಸುವುದು ಸುಲಭದ ಕೆಲಸವಲ್ಲ.

ಎಜ್ರಾ ಜ್ಯಾಕ್ ಕೀಟ್ಸ್ ಅವರ 'ಅಪಾರ್ಟ್‌ಮೆಂಟ್ ತ್ರೀ' (1971) ಈ ಸವಾಲನ್ನು ಬಣ್ಣದ ಮೂಲಕ ಎದುರಿಸಿದ ಕೃತಿ. ಮಳೆ ಸುರಿಯುವ ದಿನ, ನಗರದ ಹಳೆಯ ವಠಾರವೊಂದರಲ್ಲಿ ಸ್ಯಾಮ್ ಎಂಬ ಹುಡುಗನಿಗೆ ಎಲ್ಲಿಂದಲೋ ಹಾರ್ಮೋನಿಕಾದ ದನಿ ಕೇಳಿಸುತ್ತದೆ. ತಮ್ಮನೊಡನೆ ಬಾಗಿಲಿನಿಂದ ಬಾಗಿಲಿಗೆ ಹುಡುಕುತ್ತಾ ಹೋದವನಿಗೆ ಕತ್ತಲ ಕೋಣೆಯಲ್ಲಿ ಸಿಗುವುದು ಒಬ್ಬ ಅಂಧ ವಾದಕ. ಆತ ನುಡಿಸತೊಡಗಿದಾಗ ಹುಡುಗನಿಗೆ ಸ್ವರಗಳು ಬಣ್ಣಗಳಾಗಿ ಕಾಣುತ್ತವೆ. ನೋಟವಿಲ್ಲದವನು ನೋಟವುಳ್ಳವನಿಗೆ ಬಣ್ಣ ತೋರಿಸುವ ಈ ಸನ್ನಿವೇಶವನ್ನು ಕೀಟ್ಸ್ ಹೆಚ್ಚು ಮಾತಿಲ್ಲದೆ ಚಿತ್ರಿಸಿದ್ದಾರೆ.

ಲಾಯ್ಡ್ ಮಾಸ್ ಬರೆದು ಮಾರ್ಜೊರಿ ಪ್ರೈಸ್‌ಮನ್ ಚಿತ್ರ ರಚಿಸಿದ 'ಜಿನ್! ಜಿನ್! ಜಿನ್! ಎ ವಯಲಿನ್' (1995) ಹಿಡಿದಿದ್ದು ಬೇರೆ ದಾರಿ. ಟ್ರೊಂಬೋನ್ ಒಂದರಿಂದ ಆರಂಭವಾಗಿ, ಒಂದೊಂದೇ ವಾದ್ಯ ಸೇರುತ್ತಾ ಹತ್ತು ಮಂದಿಯ ಮೇಳವಾಗುವವರೆಗೆ ಪುಸ್ತಕ ಸಾಗುತ್ತದೆ. ಮಗು ಇದರಲ್ಲಿ ಎಣಿಕೆಯನ್ನೂ ಕಲಿಯಬಹುದು. ವಾದಕರ ಮೈ, ವಾದ್ಯ, ನೆಲ ಎಲ್ಲವೂ ಬಳುಕುವ ಗೆರೆಗಳಲ್ಲಿ ಮೂಡಿರುವುದರಿಂದ ಪುಟವೇ ತಲೆದೂಗುವಂತೆ ತೋರುತ್ತದೆ. ನ್ಯೂಯಾರ್ಕಿನ ಶಾಸ್ತ್ರೀಯ ಸಂಗೀತದ ಬಾನುಲಿಯಲ್ಲಿ ನಿರೂಪಕರಾಗಿದ್ದ ಮಾಸ್ ಅವರ ಪ್ರಾಸಬದ್ಧ ಸಾಲುಗಳು ಗಟ್ಟಿಯಾಗಿ ಓದಿದಾಗಲೇ ಕಳೆಗಟ್ಟುತ್ತವೆ. ಈ ಪುಸ್ತಕಕ್ಕೆ 1996ರಲ್ಲಿ ಕಾಲ್ಡೆಕಾಟ್ ಗೌರವ ಸಂದಿತು. ಚಿತ್ರಪುಸ್ತಕಗಳ ಕಲಾವಿದರಿಗೆ ಅಮೆರಿಕದಲ್ಲಿ ಸಲ್ಲುವ ದೊಡ್ಡ ಮನ್ನಣೆಗಳಲ್ಲಿ ಇದೂ ಒಂದು.

ಕೈಯಲ್ಲಿಲ್ಲದ ಟ್ರಂಪೆಟ್

ರೇಚೆಲ್ ಇಸಡೋರಾ ಅವರ 'ಬೆನ್ಸ್ ಟ್ರಂಪೆಟ್' (1979) ಕಥೆಯಲ್ಲಿ ಹುಡುಗ ಇದ್ದಾನೆ, ಹಂಬಲವಿದೆ; ಆದರೆ ವಾದ್ಯವಿಲ್ಲ. 1920ರ ದಶಕದ ಜ್ಯಾಸ್ ಯುಗ. ಮನೆಯ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಕುಳಿತು ಬೆನ್ ಹತ್ತಿರದ ಕ್ಲಬ್‌ನಿಂದ ತೇಲಿಬರುವ ಸಂಗೀತ ಕೇಳುತ್ತಾನೆ. ಬರಿಗಾಳಿಯಲ್ಲಿ ಬೆರಳಾಡಿಸಿ ಇಲ್ಲದ ಟ್ರಂಪೆಟನ್ನು ನುಡಿಸುತ್ತಾನೆ. ಬೀದಿಯ ಹುಡುಗರು ಅವನನ್ನು ಕಂಡು ನಗುತ್ತಾರೆ. ಕ್ಲಬ್‌ನ ಟ್ರಂಪೆಟ್ ವಾದಕ ಮಾತ್ರ ನಗುವುದಿಲ್ಲ. ಹುಡುಗನನ್ನು ಒಳಗೆ ಕರೆದೊಯ್ದು ನಿಜವಾದ ಟ್ರಂಪೆಟನ್ನು ಕೈಗಿಡುತ್ತಾನೆ.

ಕಥೆ ಅಲ್ಲಿಗೇ ಮುಗಿಯುತ್ತದೆ. ಬೆನ್ ಮುಂದೆ ಪ್ರಸಿದ್ಧ ಕಲಾವಿದನಾದನೇ ಎಂಬುದನ್ನು ಲೇಖಕಿ ಹೇಳುವ ಗೋಜಿಗೆ ಹೋಗಿಲ್ಲ. ಸ್ವತಃ ಬ್ಯಾಲೆ ನರ್ತಕಿಯಾಗಿದ್ದ ಇಸಡೋರಾ ಕಪ್ಪು-ಬಿಳುಪಿನ ಅಂಕುಡೊಂಕು ಗೆರೆಗಳಲ್ಲಿ ಜ್ಯಾಸ್‌ನ ಲಯವನ್ನು ಹಿಡಿದಿದ್ದಾರೆ. 1980ರಲ್ಲಿ ಈ ಕೃತಿಗೂ ಕಾಲ್ಡೆಕಾಟ್ ಗೌರವ ದೊರೆಯಿತು.

ಜಾಡಿಯಲ್ಲಿ ಕೂಡಿಟ್ಟ ಚಿಲ್ಲರೆ

ವಾದ್ಯಕ್ಕೆ ಹಣ ಬೇಕು. ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಮುಚ್ಚಿಡುವ ಈ ಸತ್ಯವನ್ನು ವೆರಾ ಬಿ. ವಿಲಿಯಮ್ಸ್ (1927-2015) ನೇರವಾಗಿ ಎತ್ತಿಕೊಂಡರು. ಹೋಟೆಲಿನಲ್ಲಿ ದುಡಿಯುವ ತಾಯಿ, ಅಜ್ಜಿ ಮತ್ತು ರೋಸಾ ಎಂಬ ಬಾಲಕಿ - ಇದು ಅವರ ಮೂರು ಪುಸ್ತಕಗಳಲ್ಲಿ ಬರುವ ಸಂಸಾರ. ಮನೆಯವರು ಚಿಲ್ಲರೆ ಕಾಸನ್ನು ಗಾಜಿನ ಜಾಡಿಯೊಂದರಲ್ಲಿ ಕೂಡಿಡುತ್ತಾರೆ. ಮೊದಲ ಪುಸ್ತಕದಲ್ಲಿ (1982) ಆ ಹಣದಿಂದ ತಾಯಿಗೊಂದು ಕುರ್ಚಿ ಬರುತ್ತದೆ. ಎರಡನೆಯದರಲ್ಲಿ (1983) ಹುಟ್ಟುಹಬ್ಬಕ್ಕೆ ಏನು ಬೇಕೆಂದು ತೋಚದೆ ಅಂಗಡಿ ಅಂಗಡಿ ಸುತ್ತಿದ ರೋಸಾ ಕೊನೆಗೆ ಯಾರೋ ಬಳಸಿದ ಅಕಾರ್ಡಿಯನ್ ಒಂದನ್ನು ಆರಿಸಿಕೊಳ್ಳುತ್ತಾಳೆ.

ಮೂರನೆಯ ಪುಸ್ತಕ 'ಮ್ಯೂಸಿಕ್, ಮ್ಯೂಸಿಕ್ ಫಾರ್ ಎವ್ರಿವನ್' (1984) ಆರಂಭವಾಗುವಾಗ ಜಾಡಿ ಬರಿದು. ಅಜ್ಜಿಯ ಕಾಯಿಲೆಗೆ ಹಣವೆಲ್ಲ ಖರ್ಚಾಗಿದೆ. ರೋಸಾ ಗೆಳತಿಯರೊಂದಿಗೆ ಸೇರಿ ವಾದ್ಯತಂಡ ಕಟ್ಟುತ್ತಾಳೆ. ಬೀದಿಯ ಅಂಗಡಿಯೊಂದಕ್ಕೆ 50 ವರ್ಷ ತುಂಬಿದ ಔತಣಕೂಟದಲ್ಲಿ ನುಡಿಸಿ, ಬಂದ ಸಂಭಾವನೆಯಲ್ಲಿ ತನ್ನ ಪಾಲನ್ನು ಜಾಡಿಗೆ ಹಾಕುತ್ತಾಳೆ. ಹಾಡು, ಹಸಿವು, ಆರೈಕೆ, ನೆರೆಹೊರೆ ಎಲ್ಲವೂ ಒಂದೇ ಅಂಗಳದಲ್ಲಿ ಇರುತ್ತವೆ ಎಂಬುದನ್ನು ಐದಾರು ವರ್ಷದ ಮಗುವಿಗೂ ಅರ್ಥವಾಗುವಂತೆ ಹೇಳಿದ ಕಥೆ ಇದು.

ಹೆಣ್ಣುಮಕ್ಕಳಿಗೆ ನಿಷಿದ್ಧವಾದ ತಾಳ

ಹಣದ ಕೊರತೆಗಿಂತ ಗಟ್ಟಿಯಾದ ಗೋಡೆಯೆಂದರೆ ರೂಢಿ. ಮಾರ್ಗರಿಟಾ ಎಂಗಲ್ ಬರೆದ, ರಫಾಯೆಲ್ ಲೋಪೆಜ್ ಚಿತ್ರಿಸಿದ 'ಡ್ರಮ್ ಡ್ರೀಮ್ ಗರ್ಲ್' (2015) ಕ್ಯೂಬಾ ದೇಶದ ನೈಜ ಕಥೆಯೊಂದನ್ನು ಆಧರಿಸಿದೆ. ಅಲ್ಲಿ ಡ್ರಮ್ ಬಾರಿಸುವುದು ಗಂಡಸರಿಗೆ ಮೀಸಲಾಗಿದ್ದ ಕಾಲ. ಚೀನೀ ಮತ್ತು ಆಫ್ರಿಕನ್ ಮೂಲದ ಕುಟುಂಬದ ಬಾಲಕಿ ಮಿಯೊ ಕಾಸ್ಟ್ರೊ ಸಾಲ್ಡರಿಯಾಗ ಆ ಕಟ್ಟಳೆಯನ್ನು ಮೀರಿದಳು. ಆಕೆಯ ಅಕ್ಕಂದಿರು 1932ರಲ್ಲಿ ಹವಾನಾದಲ್ಲಿ ಹೆಣ್ಣುಮಕ್ಕಳೇ ಇರುವ 'ಅನಕಾವೊನಾ' ವಾದ್ಯತಂಡವನ್ನು ಕಟ್ಟಿದ್ದರು. ಬೇಡವೆನ್ನುತ್ತಿದ್ದ ತಂದೆಯೇ ಕಡೆಗೆ ಮಗಳಿಗಾಗಿ ಗುರುವನ್ನು ಹುಡುಕುವುದು ಪುಸ್ತಕದ ತಿರುವು.

ಈ ಕಥೆ ಕನ್ನಡ ನಾಡಿನ ಓದುಗರಿಗೆ ದೂರದ್ದೆನಿಸದು. ಲಯವಾದ್ಯಗಳು ಇಲ್ಲಿಯೂ ಬಹುಕಾಲ ಪುರುಷರ ಕ್ಷೇತ್ರವೇ ಆಗಿದ್ದವು. ದೇಶದ ಮೊದಲ ಮಹಿಳಾ ಘಟಂ ವಾದಕಿ ಎಂದು ಹೆಸರಾದ, ಬೆಂಗಳೂರನ್ನು ನೆಲೆಯಾಗಿಸಿಕೊಂಡ ಸುಕನ್ಯಾ ರಾಮಗೋಪಾಲ್ ಮಹಿಳೆಯರದೇ ಆದ 'ಸ್ತ್ರೀ ತಾಳ ತರಂಗ' ತಂಡವನ್ನು ಕಟ್ಟಿದ್ದು ಇದೇ ಹಿನ್ನೆಲೆಯಲ್ಲಿ.

ಕಸದ ರಾಶಿಯಿಂದ ಪಿಟೀಲು

ಸೂಸನ್ ಹುಡ್ ಅವರ 'ಏಡಾಸ್ ವಯಲಿನ್' (2016) ಪರಾಗ್ವೆಯ ರಾಜಧಾನಿ ಅಸುನ್ಸಿಯಾನ್‌ನ ಅಂಚಿನಲ್ಲಿರುವ ಕಟೆವುರಾ ಎಂಬಲ್ಲಿಗೆ ಓದುಗರನ್ನು ಕರೆದೊಯ್ಯುತ್ತದೆ. ನಗರದ ಕಸವೆಲ್ಲ ಬಂದು ಬೀಳುವ ಜಾಗವದು. ಕಸ ಆಯ್ದು ಬದುಕುವ ಕುಟುಂಬಗಳ ಮಕ್ಕಳಿಗೆ ಫಾವಿಯೊ ಚಾವೆಸ್ ಸಂಗೀತ ಕಲಿಸಲು ಮುಂದಾದಾಗ, ಕಲಿಯುವ ಮಕ್ಕಳು ಹೆಚ್ಚು, ವಾದ್ಯಗಳು ಕಡಿಮೆ. ಬೆಲೆಬಾಳುವ ವಾದ್ಯವನ್ನು ಅಂತಹ ಬಡಾವಣೆಯ ಮಗುವಿನ ಕೈಗೆ ಕೊಟ್ಟು ಮನೆಗೆ ಕಳುಹಿಸುವುದೂ ಅಪಾಯವೇ. ಆಗ ಕಸ ಆಯುತ್ತಿದ್ದ ಮರಗೆಲಸ ಬಲ್ಲ ನಿಕೊಲಾಸ್ ಗೊಮೆಸ್ ಎಣ್ಣೆಯ ಪೀಪಾಯಿಯಿಂದ ಚೆಲ್ಲೊ, ಬಣ್ಣದ ಡಬ್ಬಿಯಿಂದ ಪಿಟೀಲು ತಯಾರಿಸಿದರು. ಈ ಮಕ್ಕಳ ವಾದ್ಯವೃಂದ ಮುಂದೆ ದೇಶ ವಿದೇಶಗಳಲ್ಲಿ ಕಛೇರಿ ನೀಡಿತು.

ಪರೀಕ್ಷೆಯಿಲ್ಲದ ಪಾಠ

ಈ ಪುಸ್ತಕಗಳ ಯಾವ ಮಗುವೂ ಪರೀಕ್ಷೆಗೆ ಕೂರುವುದಿಲ್ಲ, ಪದಕಕ್ಕಾಗಿ ಸ್ಪರ್ಧಿಸುವುದಿಲ್ಲ ಎಂಬುದು ಗಮನಾರ್ಹ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳಿಗೂ ದೂರದರ್ಶನ ವಾಹಿನಿಗಳ ಗಾಯನ ಸ್ಪರ್ಧೆಗಳಿಗೂ ಹೊಂದಿಕೊಂಡಿರುವ ನಗರದ ಪೋಷಕರು ಇದನ್ನು ಗಮನಿಸಬೇಕು. ಪರೀಕ್ಷೆ, ಶಿಸ್ತು, ಸಾಧನೆ ಇವಾವುವೂ ಬೇಡವಾದವಲ್ಲ. ಆದರೆ ನುಡಿಸಬೇಕೆಂಬ ಆಸೆ ಅವುಗಳಿಗೂ ಮೊದಲೇ ಮಗುವಿನಲ್ಲಿ ಹುಟ್ಟಬೇಕು. ಅದು ಹುಟ್ಟದಿದ್ದರೆ ಪ್ರಮಾಣಪತ್ರ ಕಪಾಟು ಸೇರುತ್ತದೆ, ವಾದ್ಯ ಅಟ್ಟ ಸೇರುತ್ತದೆ.

ಇಲ್ಲಿ ಹೆಸರಿಸಿದ ಪುಸ್ತಕಗಳು ಇಂಗ್ಲಿಷಿನವು. ಬೆಲೆಯೂ ಎಲ್ಲರ ಕೈಗೆಟಕುವಂತಹದಲ್ಲ. ಕನ್ನಡದ ಮಕ್ಕಳಿಗೆ ಬೇರೆ ದಾರಿಯೊಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು, ಅನುವಾದಿಸಲೂಬಹುದು.

ಇನ್ನು ವಾದ್ಯದ ಮಾತು. ಬಾಯಿಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲ್ ಪರಂಪರೆ ಇರುವ ನಾಡಿದು. ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ತಾಯಿಯೋ ಅಜ್ಜನೋ ಪುಸ್ತಕವನ್ನು ಗಟ್ಟಿಯಾಗಿ ಓದಿ, ಡ್ರಮ್ಮಿನ ಪುಟ ಬಂದಾಗ ತಕಧಿಮಿ ಎಂದು ಚಪ್ಪಾಳೆ ತಟ್ಟಿದರೆ ಮೌನದ ಪುಟಕ್ಕೆ ದನಿ ಬರುತ್ತದೆ. ಅದಕ್ಕೆ ಖರ್ಚಿಲ್ಲ.