ಸೂರ್ಯನೆಂಬ ಮಹಾಘಂಟೆ

ದೇವಾಲಯದ ಗಂಟೆಯನ್ನು ಮೆಲ್ಲಗೆ ಬಾರಿಸಿದರೂ ಅದೇ ಸ್ವರ, ಬಲವಾಗಿ ಬಾರಿಸಿದರೂ ಅದೇ ಸ್ವರ. ನಾದವು ಹೆಚ್ಚು ಕಡಿಮೆಯಾದೀತೇ ಹೊರತು ಸ್ವರ ಬದಲಾಗದು. ಪೆಟ್ಟು ಬಾರಿಸಿದವನದು; ಸ್ವರ ಗಂಟೆಯದು. ಹದಿನೈದು ಕೋಟಿ ಕಿಲೋಮೀಟರು ದೂರದಲ್ಲಿ ಉರಿಯುತ್ತಿರುವ ಸೂರ್ಯನೂ ಇಂಥದೊಂದು ಗಂಟೆಯೆಂದರೆ ವಾಚಕರು ನಕ್ಕಾರು. ಆದರೆ ಇದು ಕವಿಕಲ್ಪನೆಯಲ್ಲ.

ಗಂಟೆ ಬಾರಿಸುವ ಕೈ

1859ನೆಯ ಇಸವಿ ಸೆಪ್ಟೆಂಬರ್ 1ರ ಬೆಳಿಗ್ಗೆ ಇಂಗ್ಲೆಂಡಿನ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದನು. ಇದ್ದಕ್ಕಿದ್ದಂತೆ ಕಲೆಗಳ ಗುಂಪಿನ ಮೇಲೆ ಎರಡು ಕಡೆ ಕಣ್ಣು ಕೋರೈಸುವ ಬೆಳಕು ಮೂಡಿತು. ಸಾಕ್ಷಿಗೆ ಯಾರನ್ನಾದರೂ ಕರೆಯೋಣವೆಂದು ಓಡಿದನು. ಒಂದು ನಿಮಿಷದೊಳಗೆ ಹಿಂದಿರುಗಿ ನೋಡಿದರೆ ಬೆಳಕು ಆಗಲೇ ಕುಂದಿಹೋಗಿತ್ತು! ದಾಖಲೆಯಲ್ಲಿ ಉಳಿದಿರುವ ಮೊದಲ ಸೌರಜ್ವಾಲೆ ಅದು. ಸೌಭಾಗ್ಯವಶಾತ್ ರಿಚರ್ಡ್ ಹಾಡ್ಸನ್ ಎಂಬ ಇನ್ನೊಬ್ಬನೂ ಬೇರೆಡೆಯಲ್ಲಿ ಅದನ್ನು ಕಂಡಿದ್ದನು.

ಸೂರ್ಯನ ಕಲೆಗಳ ಸುತ್ತ ಕಾಂತರೇಖೆಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತವೆ. ಬಿಗಿ ಮಿತಿಮೀರಿದಾಗ ಅವು ಕಡಿದು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಕೂಡಿಟ್ಟ ಶಕ್ತಿಯು ಕೆಲವೇ ನಿಮಿಷಗಳಲ್ಲಿ ಸಿಡಿಯುತ್ತದೆ. ಇದೇ ಸೌರಜ್ವಾಲೆ.

ಸೂರ್ಯನ ಮಿಡಿತ

ಜ್ವಾಲೆಯಿಲ್ಲದ ದಿನಗಳಲ್ಲಿಯೂ ಸೂರ್ಯನು ನಿಶ್ಚಲನಾಗಿರುವುದಿಲ್ಲ. ಅವನ ಮೇಲ್ಮೈಯು ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುವುದೆಂಬುದನ್ನು 1960ರಲ್ಲಿ ಅಮೆರಿಕದ ರಾಬರ್ಟ್ ಲೇಟನ್ ಕಂಡುಹಿಡಿದರು. ಒಲೆಯ ಮೇಲಿನ ಗಂಜಿಯಂತೆ ಒಳಗೆ ಕುದಿಯುವ ಅನಿಲವು ಶಬ್ದತರಂಗಗಳನ್ನು ಎಬ್ಬಿಸುತ್ತದೆ. ಅವುಗಳ ಮಿಡಿತವೇ ಮೇಲೆ ಕಾಣುವುದು.

ಈ ಮೇಲ್ಮೈಯ ಮೇಲೆ ವರ್ಣಗೋಳವೆಂಬ ತೆಳ್ಳನೆಯ ಪದರವಿದೆ. ಪೂರ್ಣಗ್ರಹಣದಲ್ಲಿ ಕೆಂಪು ಅಂಚಾಗಿ ತೋರುವುದು ಇದೇ. ಮೇಲೆ ಹೋದಂತೆ ಇಲ್ಲಿಯ ಅನಿಲ ಬೇಗಬೇಗನೆ ವಿರಳವಾಗುತ್ತದೆ. ಆದುದರಿಂದ ಒಂದು ಮಿತಿಗಿಂತ ನಿಧಾನವಾದ ತರಂಗಗಳು ಇದನ್ನು ದಾಟಲಾರವು. ಈ ಪದರವನ್ನು ಕದಲಿಸಿದರೆ ಅದು ಆ ಮಿತಿಯ ತಾಳಕ್ಕೇ ತೂಗುತ್ತದೆ. ಆ ತಾಳ ಸುಮಾರು ಮೂರು ನಿಮಿಷದ್ದು.

ಪೆಟ್ಟು ಬಿದ್ದಾಗ

ದೊಡ್ಡ ಜ್ವಾಲೆಯೊಂದು ಸೂರ್ಯನನ್ನು ಗಂಟೆಯಂತೆ ಮಿಡಿಸಬಹುದೆಂದು 1972ರಲ್ಲಿ ಚಾರ್ಲ್ಸ್ ವುಲ್ಫ್ ಊಹಿಸಿದರು. ಅಂಥದೊಂದು ಕಂಪನಕ್ಕೆ ಸಾಕ್ಷಿ ದೊರೆತುದು 1996ರ ಜುಲೈ 9ರ ಜ್ವಾಲೆಯಿಂದ. ಸೋಹೋ ಎಂಬ ಆಕಾಶನೌಕೆಯ ಅಳತೆಗಳನ್ನು ಪರಿಶೀಲಿಸಿದ ಕೊಸೊವಿಚೆವ್ ಮತ್ತು ಜಾರ್ಕೋವಾ ಎಂಬ ವಿಜ್ಞಾನಿಗಳು ಅಲ್ಲೊಂದು 'ಸೂರ್ಯಕಂಪ'ವನ್ನು ಕಂಡು 1998ರಲ್ಲಿ ಪ್ರಕಟಿಸಿದರು. ಕೊಳಕ್ಕೆ ಕಲ್ಲೆಸೆದಾಗ ಏಳುವಂತೆ ಅಲೆಗಳು ಉಂಗುರವಾಗಿ ಹರಡಿದ್ದವು. ಎತ್ತರ ಮೂರು ಕಿಲೋಮೀಟರು. ಮರೆಯಾಗುವ ಮುನ್ನ ಅವು ಕ್ರಮಿಸಿದ ದೂರ ಹತ್ತು ಭೂಮಿಗಳನ್ನು ಸಾಲಾಗಿಟ್ಟಷ್ಟು. 1906ರ ಸಾನ್‌ಫ್ರಾನ್ಸಿಸ್ಕೋ ಭೂಕಂಪದ ಸುಮಾರು 40,000 ಪಟ್ಟು ಶಕ್ತಿ ಅದರಲ್ಲಿತ್ತೆಂದು ಲೆಕ್ಕ ಹಾಕಿದರು.

ವರ್ಣಗೋಳದ ಉತ್ತರ ತಿಳಿದುದು ಇನ್ನೂ ತಡವಾಗಿ. 2011ರ ಫೆಬ್ರವರಿ 15ರಂದು ಪ್ರಬಲ ಜ್ವಾಲೆಯೊಂದು ಸಿಡಿಯಿತು. ಆಗಿನ ನೇರಳಾತೀತ ಬೆಳಕನ್ನು ಪರೀಕ್ಷಿಸಿದ ರಯಾನ್ ಮಿಲಿಗನ್ ಮತ್ತು ಸಂಗಡಿಗರು 2017ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ವರ್ಣಗೋಳದ ಮೂರು ನಿಮಿಷದ ಮಿಡಿತ ಜ್ವಾಲೆಯ ಹೊತ್ತಿನಲ್ಲಿ ಬಲವಾಗಿತ್ತು. ಆದರೆ ಪೆಟ್ಟಿನ ಗುರುತಾದ ಕ್ಷ-ಕಿರಣಗಳ ಏರಿಳಿತದ ತಾಳ ಬೇರೆ! ಆ ಮೂರು ನಿಮಿಷದ ತಾಳ ಜ್ವಾಲೆ ಹೇರಿದ್ದಲ್ಲ. ವರ್ಣಗೋಳವು ತನ್ನ ಸ್ವರದಲ್ಲೇ ಉತ್ತರಿಸಿತು.

ಇದರಿಂದ ನಮಗೇನು?

ಈ ಮಿಡಿತವನ್ನು ಅರಿತರೆ, ಕೈಗೆಟುಕದ ವಸ್ತುವನ್ನು ಅಳೆದಂತೆಯೇ ಸರಿ. ಮಡಕೆ ಕೊಳ್ಳುವ ಗೃಹಿಣಿ ಬೆರಳಿನಿಂದ ತಟ್ಟಿ ನೋಡಿ ಅದರ ಗಟ್ಟಿತನವನ್ನು ಅರಿಯುವುದಿಲ್ಲವೇ? 1998ರ ಜುಲೈ 14ರ ಜ್ವಾಲೆಯು ಸೂರ್ಯನ ಹೊರವಲಯದ ಕಾಂತಕಮಾನುಗಳನ್ನು ವೀಣೆಯ ತಂತಿಯಂತೆ ತೂಗಾಡಿಸಿತು. ಆ ತೂಗಾಟದ ಅವಧಿಯಿಂದಲೇ ಅಲ್ಲಿಯ ಕಾಂತಕ್ಷೇತ್ರದ ಬಲವನ್ನು ವಿಜ್ಞಾನಿಗಳು ಅಂದಾಜು ಮಾಡಿದರು.

ಸೂರ್ಯನ ಸ್ಫೋಟಗಳು ಕೇವಲ ಕೌತುಕದ ವಿಷಯವಲ್ಲ. 1989ರ ಮಾರ್ಚಿಯಲ್ಲಿ ಸೂರ್ಯನಿಂದ ಬಂದ ಕಾಂತಚಂಡಮಾರುತಕ್ಕೆ ಸಿಲುಕಿ ಕೆನಡಾದ ಕ್ವಿಬೆಕ್ ಪ್ರಾಂತದ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲೆಯಲ್ಲಿ ಕಳೆದರು. ಅಂಥ ಆಪತ್ತನ್ನು ಮುಂಗಂಡು ಹೇಳಬೇಕಾದರೆ ಸಿಡಿದ ಶಕ್ತಿ ಎಲ್ಲಿ ಹೋಗಿ ತಾಗುತ್ತದೆಂಬುದು ತಿಳಿಯಬೇಕು. ಅಲ್ಲಿಯೇ ಇರುವುದು ತೊಡಕು. ಕೆಲವು ಭಾರಿ ಜ್ವಾಲೆಗಳು ಸೂರ್ಯಕಂಪವನ್ನೇ ಎಬ್ಬಿಸವು; ಸಾಧಾರಣ ಜ್ವಾಲೆಗಳು ಕೆಲವೊಮ್ಮೆ ಎಬ್ಬಿಸುತ್ತವೆ.

ಈ ಒಗಟನ್ನು ಬಿಡಿಸುವುದರಲ್ಲಿ ನಮ್ಮವರೂ ಕೈಹಾಕಿದ್ದಾರೆ. 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಹೊರವಲಯವನ್ನು ನೋಡುವ ಮುಖ್ಯ ಉಪಕರಣವು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಇನ್ನೊಂದು ಉಪಕರಣದ ಕಣ್ಣು ವರ್ಣಗೋಳದ ಮೇಲಿದೆ. ಇನ್ನೊಮ್ಮೆ ಸೂರ್ಯನ ಗಂಟೆಗೆ ಪೆಟ್ಟು ಬಿದ್ದಾಗ ಕ್ಯಾರಿಂಗ್ಟನ್ನನಂತೆ ಸಾಕ್ಷಿಗಾಗಿ ಓಡಬೇಕಾದ ಕಷ್ಟ ನಮಗಿಲ್ಲ.